ಫೋನಿಗೆ ಹೊಂದುವ ಪಾಠ ಕೊಡಿ

ಮಾನ್ಯ ಸಂಪಾದಕರೇ,

ದುಡಿಯುತ್ತಲೇ ದೂರಶಿಕ್ಷಣದಲ್ಲಿ ಪದವಿ ಓದುವ ಮಲೆನಾಡಿನವರು ಮೊಬೈಲ್ ಪಾಠಕ್ಕೆ ಒಗ್ಗುತ್ತಿಲ್ಲ ಎಂಬ ದೂರಿದೆ. ಅಡಿಕೆ ಧಾರಣೆಯನ್ನೂ ಹಣ ಪಾವತಿಯನ್ನೂ ಅದೇ ಫೋನಿನಲ್ಲಿ ಮುಗಿಸುವವರಿಗೆ ಪಾಠವೊಂದೇ ಏಕೆ ಒಗ್ಗದು? ಹೊಸ ತಂತ್ರಜ್ಞಾನವನ್ನು ಜನ ಒಪ್ಪಬೇಕಾದರೆ ಅದು ಉಪಯುಕ್ತ ಅನ್ನಿಸಬೇಕು, ಬಳಸಲು ಸಲೀಸೂ ಅನ್ನಿಸಬೇಕು ಎಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ ಹೇಳಿದ್ದರು. ಮುಖಾಮುಖಿ ಪಾಠದ ಸಂಪರ್ಕ ತರಗತಿಗೆಂದು ಶಿವಮೊಗ್ಗಕ್ಕೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಉಪಯೋಗದ ಬಗ್ಗೆ ಅನುಮಾನವಿಲ್ಲ. ತೊಡಕಿರುವುದು ಸಲೀಸಿನಲ್ಲಿ, ಅದೂ ಪಾಠ ಸಿದ್ಧಪಡಿಸುವವರ ಕಡೆಯಿಂದ.

ಕಂಪ್ಯೂಟರಿನ ಹಳೆಯ 'ನುಡಿ' ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೆಯೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಫೋನಿನಲ್ಲಿ ಆ ಫಾಂಟ್ ಇಲ್ಲ. ಕನ್ನಡ ಇರಬೇಕಾದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಯಾವ ಫೋನಿನಲ್ಲೂ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಆಗ ತಪ್ಪಬಹುದಾದ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ ಕಳಿಸಿದರೆ ಬೇಕಾದ ಪದ ಹುಡುಕಲೂ ಬರುತ್ತದೆ, ಫೋನೇ ಓದಿ ಹೇಳುವುದನ್ನು ಕೇಳಲೂ ಬರುತ್ತದೆ. ಇನ್ನು ಎ4 ಪುಟದಲ್ಲಿ 12 ಪಾಯಿಂಟ್ ಅಕ್ಷರವಿದ್ದರೆ ಸಾಲುಸಾಲಿಗೂ ಪರದೆಯನ್ನು ಅತ್ತಿತ್ತ ಎಳೆಯಬೇಕು. ಪುಟವನ್ನು ಎ5ಕ್ಕೆ ಇಳಿಸಿ ಅಕ್ಷರವನ್ನು 18ಕ್ಕೆ ಏರಿಸಿದರೆ ಆ ಎಳೆದಾಟ ಬಹುಪಾಲು ತಪ್ಪುತ್ತದೆ. ಕೈಬರಹದ ಟಿಪ್ಪಣಿಯ ಫೋಟೊಗಳನ್ನೇ ಜೋಡಿಸಿದ ಪಿಡಿಎಫ್ 40 ಪುಟಕ್ಕೆ ನೂರು ಎಂಬಿ ದಾಟೀತು. ಅದನ್ನೇ ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಮಾಡಿದರೆ ಕೆಲವೇ ಎಂಬಿ.

ಮಳೆಗಾಲದ ಲೆಕ್ಕವೇ ಬೇರೆ. ಕರೆಂಟ್ ಹೋಗಿ, ಬ್ಯಾಟರಿಯೂ ಇಳಿದರೆ ಟವರ್ ಇದ್ದೂ ಇಲ್ಲದಂತೆ. ಆಷಾಢದ ಸಂಜೆ ಆಗುಂಬೆ, ಬಿದನೂರು ನಗರ, ಕಾರ್ಗಲ್ ಕಡೆಯವರನ್ನು ಆನ್‌ಲೈನ್ ನೇರ ತರಗತಿಗೆ ಕಾಯಿಸಿ ಹಾಜರಾತಿ ಕಡಿಮೆ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ. ಒಳ್ಳೆಯ ಗುಣಮಟ್ಟದ ವಿಡಿಯೊ ಗಂಟೆಗೆ ಒಂದು ಜಿಬಿಯಷ್ಟು ಡೇಟಾ ನುಂಗಬಲ್ಲದು. ಹಲವರ ದಿನದ ಪ್ಯಾಕ್ ಇರುವುದೇ ಒಂದೂವರೆ ಜಿಬಿ. ಅದೇ ಪಾಠದ ಆಡಿಯೊ 64 ಕೆಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ 29 ಎಂಬಿ. ಹತ್ತು ನಿಮಿಷದ ತುಂಡು ಮಾಡಿ, ಜೊತೆಗೆ ಬೋರ್ಡಿನ ನಾಲ್ಕು ಚಿತ್ರ ಕಳಿಸಿದರೆ ಸಿಗ್ನಲ್ ಸಿಕ್ಕ ಕಡೆ ಇಳಿಸಿಕೊಂಡು ಮನೆಯಲ್ಲಿ ಕೇಳುತ್ತಾರೆ. ಬೋರ್ಡಿನ ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಕಳಿಸಬೇಕು, ಇಲ್ಲವಾದರೆ ವಾಟ್ಸ್‌ಆ್ಯಪ್ ಕುಗ್ಗಿಸಿ ಸಣ್ಣ ಬರಹ ಮಸುಕಾಗುತ್ತದೆ.

ನಿಯೋಜಿತ ಬರಹವನ್ನು (ಅಸೈನ್‌ಮೆಂಟ್) ಆನ್‌ಲೈನ್‌ನಲ್ಲಿ ಸಲ್ಲಿಸುವಾಗಿನ ಒಟಿಪಿ ಇನ್ನೊಂದು ತಲೆನೋವು. ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ವಿಶ್ವವಿದ್ಯಾಲಯ ಕೊನೆಯ ದಿನಾಂಕದ ಮೇಲೆ ಒಂದು ವಾರ ಕೊಡಲಿ. ತಾಲ್ಲೂಕಿನ ಅಧ್ಯಯನ ಕೇಂದ್ರದಲ್ಲಿ ಸಹಿ ಮಾಡಿ ಕಾಗದದ ಪ್ರತಿ ಕೊಟ್ಟರೂ ಸ್ವೀಕರಿಸಲಿ.

- ದೂರಶಿಕ್ಷಣ ಬೋಧಕರು, ಹೊಸನಗರ