ಕಾಫಿ ಕೊಳ್ಳುವವರ ಊರಿನಲ್ಲೇ ಓದುತ್ತಿರುವಾಗ

ಮಾನ್ಯ ಸಂಪಾದಕರೇ,

ಎಂಬಿಎ, ಎಂಎಸ್ ಎಂದು ಜರ್ಮನಿ, ಇಟಲಿಗೆ ಹೊರಡುವ ಮಕ್ಕಳು ಕೊಡಗಿನಲ್ಲೂ ಇದ್ದಾರೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಿರುವುದೂ ಅಲ್ಲೇ: ಹ್ಯಾಂಬರ್ಗ್, ಬ್ರೆಮೆನ್, ಟ್ರಿಯೆಸ್ಟೆ. ಆದರೆ ಅವರು ವ್ಯಾಪಾರ ಮಾಡುವ ಬಗೆಯನ್ನು ತರಗತಿಯಲ್ಲಿ ಕೂತು ಕಲಿಯಲಾಗದು.

ಜರ್ಮನಿಯಲ್ಲಿ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕೋರ್ಸಿನ ಭಾಗವಾಗಿರುವ ಕಡ್ಡಾಯ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನೂ ಪಿಜ್ಜಾ ಡೆಲಿವರಿಯ ದಿನಗಳನ್ನೂ ಒಂದೇ ಎಂದುಕೊಂಡು ಕೈಬಿಡುವುದು ನಷ್ಟ. ಕಾಫಿ ಆಮದುದಾರರ ಕಚೇರಿಗೆ, ಗೋದಾಮಿಗೆ, ಹುರಿಯುವ ಘಟಕಕ್ಕೆ ಅರ್ಜಿ ಹಾಕಲಿ.

ಅಲ್ಲಿ ಮೊದಲು ನೋಡಬೇಕಾದ್ದು ಸ್ಯಾಂಪಲ್ ಕೋಣೆ. ಗೋಣಿಕೊಪ್ಪಲಿನಲ್ಲಿ ಓಟಿ (ಔಟ್‌ಟರ್ನ್, ಅಂದರೆ ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡಿ, ಫೋನಿನಲ್ಲೇ ರೇಟು ಮುಗಿಸುತ್ತೇವೆ. ಅಲ್ಲಿನ ಎಷ್ಟೋ ಕರಾರುಗಳಲ್ಲಿ ಸ್ಯಾಂಪಲ್ ಒಪ್ಪಿಗೆಯಾಗದಿದ್ದರೆ ಮಾರಾಟವೇ ಇಲ್ಲ. ಸ್ಯಾಂಪಲ್ಲಿನ ರುಚಿ ನೋಡುವ ಕ್ರಮ ಹೀಗೆ: 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ, ನೀರು ಸುಮಾರು 93 ಡಿಗ್ರಿ, 4 ನಿಮಿಷಕ್ಕೆ ಮೇಲಿನ ಪದರ ಒಡೆದು ವಾಸನೆ, ಆಮೇಲೆ ರುಚಿ. ತೇವಾಂಶ 12.5 ಶೇಕಡಾ ದಾಟಿದ ಬೀಜ ಕಂಟೇನರಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಕಣದಲ್ಲಿ ಎರಡು ಬಿಸಿಲು ಉಳಿಸಿದ್ದು ಅಲ್ಲಿ ರುಚಿ ನೋಡುವ ಕಪ್ಪಿನಲ್ಲಿ ಸಿಕ್ಕಿಬೀಳುತ್ತದೆ. ಒಳ್ಳೆಯದನ್ನಷ್ಟೇ ಆಯ್ದು ಸ್ಯಾಂಪಲ್ ಕಳಿಸಿ, ಮೂಟೆಗೆ ಬೇರೆಯದು ತುಂಬಿದರೆ ಸೀದಾ ಕ್ಲೇಮು, ಅಂದರೆ ಪರಿಹಾರ ಕಟ್ಟಿಕೊಡಿ ಎಂಬ ಬೇಡಿಕೆ. ತೂಕದಲ್ಲೂ ಅಷ್ಟೇ: ಯುರೋಪಿನ ಪ್ರಮಾಣಿತ ಕರಾರಿನಲ್ಲಿ ಅರ್ಧ ಶೇಕಡಾಕ್ಕಿಂತ ಹೆಚ್ಚು ಕಮ್ಮಿಯಾದರೆ ಮಾರಿದವನೇ ಕಟ್ಟಿಕೊಡಬೇಕು.

ಮಾತಿನ ರೀತಿಯೂ ಬೇರೆ. "ನಿಮ್ಮ ಕಾಫಿ ಚೆನ್ನಾಗಿಲ್ಲ" ಎಂದು ಜರ್ಮನ್ ಖರೀದಿದಾರ ಮುಖಕ್ಕೇ ಹೇಳುತ್ತಾನೆ; ಅದು ಅವಮಾನವಲ್ಲ, ಬರೀ ವರದಿ. ನಾವು ದಾಕ್ಷಿಣ್ಯಕ್ಕೆ "ಆಯ್ತು, ಕಳಿಸುವ" ಎಂದರೆ ಅವನು ತಾರೀಖು ಬರೆದುಕೊಂಡಾಗಿರುತ್ತದೆ. ಆಗುವುದಿಲ್ಲವೆಂದರೆ ಅವತ್ತೇ ಹೇಳಬೇಕು. ತಡವಾಗುವುದಾದರೆ ಅವನು ಕೇಳುವ ಮೊದಲೇ ಹೊಸ ತಾರೀಖಿನ ಸಮೇತ ತಿಳಿಸಬೇಕು. ಫೋನಿನಲ್ಲಿ ಮಾತಾಡಿದ ಪ್ರಮಾಣ, ಗ್ರೇಡು, ಬೆಲೆ, ಹಡಗಿನ ತಿಂಗಳು ಅದೇ ದಿನ ಇ-ಮೇಲಿನಲ್ಲಿ ಹೋಗಬೇಕು.

ಇನ್ನು ಬೆಲೆ. ರೋಬಸ್ಟಾ ಕಾಫಿಯ ಬೆಲೆ ಲಂಡನ್ನಿನ ವಾಯಿದೆ ಮಾರುಕಟ್ಟೆಯಲ್ಲಿ ಟನ್ನಿಗೆ ಡಾಲರಿನಲ್ಲಿ, 10 ಟನ್ನಿನ ಲಾಟಿನಲ್ಲಿ. ಅರೇಬಿಕಾ ನ್ಯೂಯಾರ್ಕಿನಲ್ಲಿ ಪೌಂಡಿಗೆ ಸೆಂಟ್ಸ್ ಲೆಕ್ಕದಲ್ಲಿ. ಅದರ ಮೇಲೆ ಎಷ್ಟು ಹೆಚ್ಚು, ಎಷ್ಟು ಕಮ್ಮಿ ಎಂಬುದಷ್ಟೇ ಚೌಕಾಸಿ.

ಇನ್ನು ಯುರೋಪಿನ ಅರಣ್ಯನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದ ಕಾಫಿಯನ್ನು, ಆ ಕಾನೂನು ಅನ್ವಯವಾದ ಮೇಲೆ, ಅಲ್ಲಿ ಮಾರುವಂತಿಲ್ಲ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಮೀರಿದ ತೋಟಕ್ಕೆ ಗಡಿಯ ಸುತ್ತಲಿನ ಜಿಪಿಎಸ್ ಬಿಂದುಗಳು ಬೇಕು. ಅದರೊಳಗಿದ್ದರೆ ಒಂದೇ ಬಿಂದು ಸಾಕು. ಸಾಲದ್ದಕ್ಕೆ ಜಾಗದ ಕಾನೂನುಬದ್ಧ ಹಕ್ಕಿನ ಕಾಗದವನ್ನೂ ಕೇಳಬಹುದು. ಇಡೀ ಒಕ್ಕದ (ಕೊಡವರ ಕುಟುಂಬ ಮನೆತನದ) ಹೆಸರಿನಲ್ಲಿರುವ ಜಮ್ಮಾ ಬಾಣೆಯಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಾಗದಲ್ಲಿ, ಯಾರ ಪಾಲು ಎಲ್ಲಿ ಎಂಬುದು ಮನೆಯವರಿಗೆ ಗೊತ್ತು, ಪಹಣಿಗೆ ಗೊತ್ತಿಲ್ಲ. ಹ್ಯಾಂಬರ್ಗಿನ ಆಮದುದಾರ ಯಾವ ಕಾಗದವನ್ನು ಒಪ್ಪುತ್ತಾನೆ, ಯಾವುದನ್ನು ವಾಪಸು ಕಳಿಸುತ್ತಾನೆ ಎಂಬುದನ್ನು ಅಲ್ಲಿರುವ ಹುಡುಗ ಹುಡುಗಿಯರು ನೋಡಿ ಬರೆದು ಕಳಿಸಿದರೆ, ಒಕ್ಕದ ಹಿರಿಯರು ಪಾಲುಗಳ ನಕ್ಷೆ, ಒಪ್ಪಿಗೆಯ ಸಹಿಗಳನ್ನು ಮುಂದಿನ ಕೊಯ್ಲಿಗೆ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು.

– ಒಬ್ಬ ಬೆಳೆಗಾರ, ವಿರಾಜಪೇಟೆ ತಾಲ್ಲೂಕು