‘ಶಕ್ತಿ’ ಒಳಹಳ್ಳಿಗಳಿಗೂ ತಲುಪಲಿ

ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಒದಗಿಸುವ ‘ಶಕ್ತಿ’ ಯೋಜನೆ 2023ರ ಜೂನ್ 11ರಂದೇ ಜಾರಿಗೆ ಬಂದರೂ ಮಲೆನಾಡಿನ ಅನೇಕ ದುಡಿಯುವ ಕುಟುಂಬಗಳಿಗೆ ಅದು ದಕ್ಕಿಲ್ಲ. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಓಡಾಡುವುದು ಬಹುಪಾಲು ಖಾಸಗಿ ಬಸ್‌ಗಳು. ಅಡಿಕೆ ಸುಲಿಯಲು, ಪೇಟೆಯ ಅಂಗಡಿ ಕೆಲಸಕ್ಕೆ ಹೋಗಿಬರುವ ಮಹಿಳೆ ದಿನವೂ ತನ್ನ ಕೂಲಿಯಲ್ಲೇ ಟಿಕೆಟ್‌ಗೆ ಹಣ ತೆರಬೇಕು. ಬೇಳೆ, ಎಣ್ಣೆ, ಅಡುಗೆ ಅನಿಲದ ಖರ್ಚಿನ ಮೇಲೆ ಇದೂ ಸೇರಿದರೆ ಸಂಸಾರ ತೂಗಿಸುವುದು ಹೇಗೆ? ಇದರಲ್ಲಿ ಖಾಸಗಿ ಬಸ್‌ನವರ ತಪ್ಪಿಲ್ಲ. ದಶಕಗಳಿಂದ ಈ ಊರುಗಳಿಗೆ ಆಸರೆಯಾದವರೇ ಅವರು. ಜಿಲ್ಲೆಯ ಶಾಸಕರು ಪಕ್ಷಭೇದ ಮರೆತು ವಿಧಾನಸಭೆಯಲ್ಲಿ ಈ ವಿಷಯ ಎತ್ತಬೇಕು. ಬೆಳಿಗ್ಗೆ, ಸಂಜೆ ಕೆಲಸದ ವೇಳೆಗೆ ಸರ್ಕಾರಿ ಬಸ್ ಬಿಡಿಸಲಿ. ಅದಾಗುವವರೆಗೆ ಖಾಸಗಿ ಬಸ್‌ಗಳಲ್ಲಿ ಮಹಿಳೆಯರ ಟಿಕೆಟ್ ವೆಚ್ಚವನ್ನು ಸರ್ಕಾರವೇ ಭರಿಸುವಂತೆ ಒತ್ತಾಯಿಸಲಿ.

– ಓದುಗರೊಬ್ಬರು, ಹೊಸನಗರ