ತಂತಿಗೂ ವರ್ಷದ ಬಾಡಿಗೆ ಕೊಡಿ

ಸಂಪಾದಕರೇ,

ಸೋಲಾರ್ ಬೇಕು, ಗಾಳಿ ವಿದ್ಯುತ್ ಬೇಕು ಎಂದು ಸರ್ಕಾರವನ್ನು ಒತ್ತಾಯಿಸುವವರು ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಮಂಡ್ಯದವರಿಗೆ ಕರೆಂಟ್ ಲೈನ್ ಹೊಸದೇನಲ್ಲ, 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಆದರೆ ಈ ಸೋಲಾರ್, ಗಾಳಿ ವಿದ್ಯುತ್ ಸಾಗಿಸುವ ತಂತಿ ಯಾರ ಜಮೀನಿನ ಮೇಲೆ ಹೋಗುತ್ತದೆ ಅನ್ನೋ ಮಾತು ಮಾತ್ರ ಎಲ್ಲೂ ಬರುವುದಿಲ್ಲ.

ನಮ್ಮ ಗದ್ದೆ ಬದುವಿನಲ್ಲಿದ್ದ ಏಳು ತೆಂಗಿನ ಮರ ಲೈನಿಗೆ ಹೋದವು. ಅಪ್ಪ ನೆಟ್ಟಿದ್ದು. ಕೇಳಿದರೆ ಲೈನಿನವರು, ಜಮೀನು ಕೊಂಡುಕೊಳ್ಳದೆಯೇ ತಂತಿ ಎಳೆಯಲು ಬಿಡುವ 1885ರ ಟೆಲಿಗ್ರಾಫ್ ಕಾಯ್ದೆ ತೋರಿಸಿದರು! ಕೆಳಗೆ ಕಬ್ಬು ಬೆಳೆಯಬಹುದಲ್ವಾ ಅಂದರು. ಬೆಳೆಯಬಹುದು ಸ್ವಾಮಿ, ಆದರೆ ಮತ್ತೆ ತೆಂಗು ಇಡೋ ಹಾಗಿಲ್ಲ, ಕಟಾವಾದ ಮೇಲೆ ತರಗಿಗೆ ಬೆಂಕಿ ಹಾಕೋ ಹಾಗಿಲ್ಲ (ಅದನ್ನು ಹಾಕದಿರೋದೇ ಒಳ್ಳೆಯದು, ಒಪ್ಪಿದೆ), ಮನೆ ಕಟ್ಟೋದಂತೂ ದೂರದ ಮಾತು, ಸೋನೆ ಮಳೆಯಲ್ಲಿ ತಂತಿ ಗುಂಯ್ ಎನ್ನುವಾಗ ನೀರು ಕಟ್ಟಲು ಹೋಗುವುದಕ್ಕೂ ಹೆದರಿಕೆ.

ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ತೆಗೆದುಕೊಂಡು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು ಮಾಡಿದರು. ಲೈನಿಗೆ ಮಾತ್ರ ಒಂದೇ ಸಲ ಪರಿಹಾರ ಯಾಕೆ? ಟವರ್ ಇರುವಷ್ಟು ವರ್ಷವೂ ಬಾಡಿಗೆ ಬರಲಿ. ಸರ್ವೆ ಕಲ್ಲು ನೆಡುವ ಮೊದಲು ಊರಲ್ಲಿ ಒಂದು ಸಭೆಯನ್ನೂ ಕರೆಯಲಿ.

- ಒಬ್ಬ ಕಬ್ಬು ಬೆಳೆಗಾರ, ಮಳವಳ್ಳಿ ತಾಲ್ಲೂಕು